ಬಿಚ್ಚುವ ಮೊದಲು ಮಿಕ್ಸಿಯಲ್ಲಿ ಏನೇನು ನೋಡಬೇಕು? ಪದೇ ಪದೇ ಕೇಳುವ ಪ್ರಶ್ನೆಗಳು

ಮನೆಯಲ್ಲೇ ರಿಪೇರಿ ಕಲಿಯಲು ಹೊರಟವರು, ಐಟಿಐ ಮತ್ತು ಡಿಪ್ಲೊಮಾ ಓದುವ ಹುಡುಗ ಹುಡುಗಿಯರು, ಅಟ್ಟದಿಂದ ಹಳೇ ಮಿಕ್ಸಿ ಇಳಿಸಿಕೊಂಡವರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇವೆ. ಕೇಳಿದವರ ಮಾತನ್ನು ಆದಷ್ಟು ಹಾಗೇ ಇಟ್ಟಿದ್ದೇವೆ. ಸ್ಕ್ರೂ ಡ್ರೈವರ್ ಕೈಗೆತ್ತಿಕೊಳ್ಳುವ ಮುಂಚಿನ ಅರ್ಧ ಗಂಟೆಯೇ ಇಲ್ಲಿನ ಮುಖ್ಯ ವಿಷಯ.

## ಶುರು ಮಾಡುವ ಮುನ್ನ

ಕೆಟ್ಟಿರೋದು ಒಳಗೆ. ಹೊರಗಿಂದ ನೋಡಿ ಏನು ಗೊತ್ತಾಗುತ್ತೆ? ನೇರ ಬಿಚ್ಚಿದ್ರೆ ಆಗಲ್ವಾ?

ಶಬ್ದ, ನಡುಕ, ವಾಸನೆ, ಕಿಡಿ, ಬಿಸಿ ಇವೆಲ್ಲ ಸಿಗುವುದು ಓಡುತ್ತಿರುವ ಮಿಕ್ಸಿಯಲ್ಲಿ ಮಾತ್ರ. ತಳ ಬಿಚ್ಚಿ ಮೋಟಾರ್ ಹೊರಗೆ ತೆಗೆದಿರೋ, ಅಷ್ಟೂ ಹೋಯಿತು. ಐದಾರು ವರ್ಷ ದುಡಿದ ಮಿಕ್ಸಿಯಲ್ಲಿ ಬ್ರಷ್ (ಮೋಟಾರಿಗೆ ಕರೆಂಟ್ ಮುಟ್ಟಿಸುವ ಕಾರ್ಬನ್ ತುಂಡು), ಬುಷ್ (ತಿರುಗುವ ಕಡ್ಡಿ, ಅಂದರೆ ಶಾಫ್ಟ್, ಕೂರುವ ಲೋಹದ ಬಳೆ), ಕಪ್ಲರ್ (ಮೋಟಾರಿನ ತಿರುಗಾಟವನ್ನು ಜಾರಿಗೆ ದಾಟಿಸುವ ಹಲ್ಲಿನ ತುಂಡು), ಸ್ವಿಚ್ಚು ಎಲ್ಲವೂ ಅಷ್ಟಷ್ಟು ಸವೆದೇ ಇರುತ್ತವೆ. ಬಿಡಿಬಿಡಿಯಾಗಿ ಪೇಪರ್ ಮೇಲೆ ಹರಡಿಕೊಂಡ ಮೇಲೆ ನಿಜವಾಗಿ ತೊಂದರೆ ಕೊಡುತ್ತಿದ್ದದ್ದು ಯಾವುದು ಎಂದು ಹೇಳಲು ಬರುವುದಿಲ್ಲ. ಆಗ ಎಲ್ಲವನ್ನೂ ಬದಲಿಸಬೇಕಾಗುತ್ತದೆ, ಇಲ್ಲವೇ ಊಹೆಯ ಮೇಲೆ ಒಂದನ್ನು ಬದಲಿಸಬೇಕಾಗುತ್ತದೆ.

ಇನ್ನೊಂದು ಕಾರಣ: ಮೋಟಾರ್ ಹೋಯಿತು ಎಂದು ಜನ ತರುವ ಮಿಕ್ಸಿಗಳಲ್ಲಿ ಮೋಟಾರನ್ನು ಮುಟ್ಟುವ ಅಗತ್ಯವೇ ಇಲ್ಲದವು ಬಹಳ. ಜಾರಿನ ಬುಷ್ ಹಿಡಿದಿರುತ್ತದೆ, ಕಪ್ಲರ್ ಹಲ್ಲು ಸವೆದಿರುತ್ತದೆ, ಭಾರ ಹೆಚ್ಚಾದಾಗ ಕರೆಂಟ್ ಕಡಿಯುವ ತಳದ ಕೆಂಪು ಬಟನ್ ಹಾರಿರುತ್ತದೆ, ಇಲ್ಲವೇ ಗೋಡೆಯ ಸಾಕೆಟ್ಟೇ ಸಡಿಲವಾಗಿರುತ್ತದೆ. ಇವಕ್ಕೆಲ್ಲ ತಳ ಬಿಚ್ಚುವುದು ಬೇಡ.

ಕಲಿಯೋಕೆ ಮಿಕ್ಸಿನೇ ಯಾಕೆ? ನಮ್ಮನೇಲಿ ಕೆಟ್ಟಿರೋ ಓವನ್ ಇದೆ, ಹಳೇ ಟಿವಿ ಇದೆ.

ಆ ಎರಡನ್ನೂ ದಯವಿಟ್ಟು ಬಿಚ್ಚಬೇಡಿ. ಮೈಕ್ರೋವೇವ್ ಓವನ್ ಒಳಗೆ ವಿದ್ಯುತ್ ಕೂಡಿಟ್ಟುಕೊಳ್ಳುವ ಕೆಪಾಸಿಟರ್‌ನಲ್ಲಿ ಸುಮಾರು 2000 ವೋಲ್ಟ್ ಇರುತ್ತದೆ, ಪ್ಲಗ್ ಕಿತ್ತ ಮೇಲೂ ಉಳಿಯಬಹುದು. ಅದು ಜೀವ ತೆಗೆಯುವಷ್ಟು. ಹಳೇ ಡಬ್ಬ ಟಿವಿಯ ಪಿಕ್ಚರ್ ಟ್ಯೂಬಿನಲ್ಲಿ ಅದಕ್ಕಿಂತ ಹತ್ತು ಪಟ್ಟು ವೋಲ್ಟೇಜ್ ಇರುತ್ತದೆ. ಇಂಡಕ್ಷನ್ ಒಲೆಯಲ್ಲೂ ಕ್ಯಾಮೆರಾ ಫ್ಲಾಷಿನಲ್ಲೂ 300 ವೋಲ್ಟ್ ಆಸುಪಾಸಿನ ಕೆಪಾಸಿಟರ್ ಇದೆ. ಹೊಸ ಫ್ರಿಜ್‌ಗಳಲ್ಲಿ ಬೆಂಕಿ ಹತ್ತುವ ಗ್ಯಾಸ್ ಇರುತ್ತದೆ. ಮೊಬೈಲ್ ಬ್ಯಾಟರಿಗೆ ಸ್ಕ್ರೂ ಡ್ರೈವರ್ ಚುಚ್ಚಿದರೆ ಉರಿದುಹೋಗುತ್ತದೆ.

ಮಿಕ್ಸಿ ಹಾಗಲ್ಲ. ಪ್ಲಗ್ ಕಿತ್ತರೆ ಅದು ಹೆಚ್ಚುಕಡಿಮೆ ತಾಮ್ರ, ಕಬ್ಬಿಣ, ಪ್ಲಾಸ್ಟಿಕ್ ಅಷ್ಟೆ. (ಕೆಲವು ಮಾದರಿಗಳಲ್ಲಿ ರೇಡಿಯೊ ಗೊರಗೊರ ತಡೆಯಲು ಒಂದು ಚಿಕ್ಕ ಕೆಪಾಸಿಟರ್ ಇರುತ್ತದೆ. ಪ್ಲಗ್ ಕಿತ್ತು ಐದು ನಿಮಿಷ ಬಿಡಿ, ಪ್ಲಗ್ಗಿನ ಪಿನ್ನುಗಳನ್ನು ಬರಿಗೈಯಲ್ಲಿ ಮುಟ್ಟಬೇಡಿ.) ಜೊತೆಗೆ ಮಿಕ್ಸಿಯ ಒಂದೊಂದು ಭಾಗವೂ ಕೆಡುವಾಗ ಬೇರೆ ಬೇರೆ ಥರ ಸದ್ದು ಮಾಡುತ್ತದೆ, ಬೇರೆ ಬೇರೆ ವಾಸನೆ ಕೊಡುತ್ತದೆ. ಕಲಿಯುವವರಿಗೆ ಇಷ್ಟು ಒಳ್ಳೆಯ ಯಂತ್ರ ಮನೆಯಲ್ಲಿ ಇನ್ನೊಂದಿಲ್ಲ.

ಅದು ನಮ್ಮ ಅಡುಗೆಗೆಂದೇ ಬೆಳೆದ ಯಂತ್ರವೂ ಹೌದು. ಹಣ್ಣಿನ ರಸಕ್ಕೆಂದು ಮಾಡಿದ್ದ ಹೊರದೇಶದ ಮಿಕ್ಸರ್‌ಗಳು ನಮ್ಮ ನೆನೆಸಿದ ಬೇಳೆ, ಒಣ ಮಸಾಲೆಯ ಭಾರ ತಡೆಯಲಿಲ್ಲ. ಸತ್ಯಪ್ರಕಾಶ್ ಮಾಥುರ್ 1960ರ ದಶಕದಲ್ಲಿ ಸುಮೀತ್ ಮಿಕ್ಸಿಯನ್ನು ಕಟ್ಟಿದ್ದು ಆ ಭಾರ ಹೊರುವ ಮೋಟಾರ್ ಬೇಕೆಂದೇ.

ಏನೇನು ಸಾಮಾನು ಬೇಕು?

ನೋಡುವುದಕ್ಕೆ: ಮೊಬೈಲ್ ಕ್ಯಾಮೆರಾ, ಟಾರ್ಚು, ನೋಟ್‌ಬುಕ್ಕು, ಪೆನ್ನು, ಒಂದು ಹಳೇ ಪೇಪರ್, ಬಿಳಿ ಗುರುತು ಹಾಕಲು ವೈಟ್‌ನರ್. ಅಳೆಯುವುದಕ್ಕೆ ಒಂದು ಸಾಧಾರಣ ಡಿಜಿಟಲ್ ಮಲ್ಟಿಮೀಟರ್ ಸಾಕು. ಬಿಚ್ಚುವುದಕ್ಕೆ ಉದ್ದ ಕಾಂಡದ ಸ್ಟಾರ್ ಸ್ಕ್ರೂ ಡ್ರೈವರ್ ಬೇಕೇ ಬೇಕು, ಏಕೆಂದರೆ ತಳದ ಸ್ಕ್ರೂಗಳು ಆಳವಾದ ತೂತುಗಳೊಳಗೆ ಕೂತಿರುತ್ತವೆ. ಮೊಂಡು ತುದಿಯ ಡ್ರೈವರ್ ಹಾಕಿ ಒಮ್ಮೆ ಸ್ಕ್ರೂ ತಲೆ ಸವೆಸಿದರೆ ಮತ್ತೆ ತೆಗೆಯುವುದು ಕಷ್ಟ. ಸ್ಕ್ರೂ ಇಡಲು ಹಳೇ ಇಡ್ಲಿ ತಟ್ಟೆಗಿಂತ ಒಳ್ಳೆಯದು ಇಲ್ಲ: ಒಂದೊಂದು ಹಂತದ ಸ್ಕ್ರೂ ಒಂದೊಂದು ಗುಳಿಗೆ. ಸಣ್ಣ ತೂತುಗಳಿರುವ ತಟ್ಟೆಯಾದರೆ ಕೆಳಗೆ ಬಟ್ಟೆ ಹಾಸಿ.

ಗ್ಯಾರಂಟಿ ಇರೋ ಮಿಕ್ಸಿನ ಬಿಚ್ಚಬಹುದಾ?

ಬೇಡ. ಸೀಲ್ ಹರಿದರೆ ವಾರಂಟಿ ಹೋಗುತ್ತದೆ. ಹಲವು ಮಿಕ್ಸಿಗಳಿಗೆ ಇಡೀ ಯಂತ್ರಕ್ಕಿಂತ ಮೋಟಾರಿಗೆ ಹೆಚ್ಚು ವರ್ಷದ ವಾರಂಟಿ ಇರುತ್ತದೆ, ಕಾರ್ಡ್ ತೆಗೆದು ನೋಡಿ. ಆದರೆ ಕೆಳಗೆ ಹೇಳಿರುವ ನೋಟ, ಅಳತೆಗಳಲ್ಲಿ ಬಹುಪಾಲು ಸೀಲ್ ಮುಟ್ಟದೆಯೇ ಆಗುತ್ತವೆ, ಅವನ್ನು ಬರೆದುಕೊಂಡು ಹೋದರೆ ಸರ್ವಿಸ್ ಸೆಂಟರಿನಲ್ಲೂ ನಿಮ್ಮ ಮಾತಿಗೆ ತೂಕ ಬರುತ್ತದೆ. ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಡಿಸೆಂಬರ್‌ನಲ್ಲಿ ರಿಪೇರಿ ಹಕ್ಕಿನ ಪೋರ್ಟಲ್ ಶುರು ಮಾಡಿದೆ. ಗೃಹಬಳಕೆಯ ವಸ್ತುಗಳೂ ಅದರಲ್ಲಿ ಸೇರಿವೆ.

## ನೋಡಿ, ಕೇಳಿ, ಮೂಸಿ

ಪ್ಲಗ್ ಹಾಕೋ ಮೊದಲೇ ನೋಡೋದು ಏನಾದ್ರೂ ಇದೆಯಾ?

ಇದೆ, ಬೇಕಾದಷ್ಟು. ಮಿಕ್ಸಿ ತಲೆಕೆಳಗು ಮಾಡಿ ತಳದ ಚೀಟಿ ಓದಿ: ವೋಲ್ಟ್, ವ್ಯಾಟ್, ಎಷ್ಟು ನಿಮಿಷದ ರೇಟಿಂಗ್. ಐಎಸ್‌ಐ ಗುರುತಿನ ಜೊತೆ ಐಎಸ್ 4250 ಎಂದಿದ್ದರೆ ಅದು ಮನೆಬಳಕೆಯ ಮಿಕ್ಸಿಗೆ ಇರುವ ಭಾರತೀಯ ಮಾನಕದ ಸಂಖ್ಯೆ. ಹಲವು ಮಿಕ್ಸಿಗಳಲ್ಲಿ 30 ನಿಮಿಷ ಎಂದಿರುತ್ತದೆ. ಹಾಗೆಂದರೆ ಒಂದೇ ಸಮ 30 ನಿಮಿಷ ಓಡಿಸಿ ಎಂದಲ್ಲ. 5 ನಿಮಿಷ ಓಟ, 2 ನಿಮಿಷ ವಿರಾಮ, ಹೀಗೆ ಒಟ್ಟು 30 ನಿಮಿಷ ಎಂಬ ಲೆಕ್ಕ ಕೈಪಿಡಿಯಲ್ಲಿರುತ್ತದೆ.

ಆಮೇಲೆ ವೈರನ್ನು ಪ್ಲಗ್ಗಿನಿಂದ ಮಿಕ್ಸಿಯವರೆಗೆ ಬೆರಳಲ್ಲಿ ಸವರುತ್ತಾ ಬನ್ನಿ. ವೈರು ಒಳಹೋಗುವ ಜಾಗದಲ್ಲಿ ಮೆತ್ತಗಾಗಿದ್ದರೆ ಒಳಗೆ ತಂತಿ ತುಂಡಾಗಿದೆ. ಪ್ಲಗ್ಗಿನ ಒಂದು ಪಿನ್ ಮಾತ್ರ ಕಪ್ಪಗಿದ್ದರೆ ಸಾಕೆಟ್ ಸಡಿಲ.

ಕೊನೆಗೆ ಮೇಲಿನ ಕಪ್ಲರನ್ನು ಕೈಯಲ್ಲಿ ನಿಧಾನ ತಿರುಗಿಸಿ. ಸ್ವಲ್ಪ ಬಿಗಿಯಾಗಿ, ಸಣ್ಣಗೆ ತರತರ ಎನ್ನುತ್ತಾ ತಿರುಗಬೇಕು. ಅದು ಬ್ರಷ್ಷು ಕಮ್ಯುಟೇಟರಿನ (ಮೋಟಾರಿನ ಕಡ್ಡಿಯ ಸುತ್ತ ಕೂತಿರುವ ತಾಮ್ರದ ಉರುಳೆ) ಪಟ್ಟಿಗಳ ಮೇಲೆ ಜಾರುವ ಅನುಭವ. ಏನೂ ತಡೆಯಿಲ್ಲದೆ ಗಿರ್ರನೆ ತಿರುಗಿದರೆ ಬ್ರಷ್ ಮುಟ್ಟುತ್ತಿಲ್ಲ ಎಂಬ ಅನುಮಾನ ಇಟ್ಟುಕೊಳ್ಳಿ. ಒಂದೇ ಜಾಗದಲ್ಲಿ ಸಿಕ್ಕಿಕೊಂಡರೆ ಬುಷ್ ಅಥವಾ ಬೇರಿಂಗ್. ಕಪ್ಲರನ್ನು ಪಕ್ಕಕ್ಕೆ ಅಲುಗಿಸಿ: ಕಣ್ಣಿಗೆ ಕಾಣುವಷ್ಟು ಅಲುಗಿದರೆ ಮೇಲಿನ ಬುಷ್ ಸವೆದಿದೆ.

ಜಾರ್ ಇಲ್ದೆ ಓಡಿಸಿ ನೋಡಬಹುದಾ? ಸುಟ್ಟುಹೋಗಲ್ವಾ?

1ನೇ ಸ್ಪೀಡಿನಲ್ಲಿ 10 ಸೆಕೆಂಡ್ ಓಡಿಸಿದರೆ ಏನೂ ಆಗುವುದಿಲ್ಲ. ಭಾರವಿಲ್ಲದೆ ಈ ಜಾತಿಯ ಮೋಟಾರ್ ಬಲು ಜೋರಾಗಿ ಓಡುತ್ತದೆ, ಅದಕ್ಕೇ 3ರಲ್ಲಿ ಬಹಳ ಹೊತ್ತು ಬೇಡ. ಕೂದಲು, ಶಾಲು, ಸೆರಗು, ಬಳೆ ದೂರವಿರಲಿ. ಜಾರ್ ಕೂರದೆ ಓಡದ ಲಾಕ್ ಇರುವ ಮಾದರಿಯಾದರೆ ಆ ಲಾಕಿಗೆ ಕಡ್ಡಿ ತುರುಕಿ ಮೋಸ ಮಾಡಲು ಹೋಗಬೇಡಿ, ಖಾಲಿ ಜಾರ್ ಇಟ್ಟೇ ನೋಡಿ.

ಈ ಕ್ರಮದಲ್ಲಿ ಮಾಡಿ: ಜಾರ್ ಇಲ್ಲದೆ, ಖಾಲಿ ಜಾರ್ ಇಟ್ಟು, ಅರ್ಧ ಜಾರ್ ನೀರು ಹಾಕಿ, ಕೊನೆಗೆ ಒಂದು ಮುಷ್ಟಿ ನೆನೆಸಿದ ಅಕ್ಕಿ ಹಾಕಿ. ಒಂದೊಂದು ಸಲವೂ 10 ಸೆಕೆಂಡ್. ಆಮೇಲೆ ಇದನ್ನೇ ಬೇರೆ ಜಾರಿನಲ್ಲೂ ಮಾಡಿ. ಆಫ್ ಮಾಡಿದ ಮೇಲೆ ಎಷ್ಟು ಸೆಕೆಂಡಿಗೆ ನಿಲ್ಲುತ್ತದೆ ಎಂದು ಪ್ರತಿ ಸಲ ಎಣಿಸಿ. ಆರೋಗ್ಯವಾಗಿರುವ ಮೋಟಾರ್ ಜಾರ್ ಇಲ್ಲದಾಗ ತಾನಾಗಿ ಇಳಿಯುತ್ತಾ ಬಂದು ನಿಲ್ಲುತ್ತದೆ. ಯಾರೋ ಹಿಡಿದು ನಿಲ್ಲಿಸಿದ ಹಾಗೆ ಗಕ್ಕನೆ ನಿಂತರೆ ಬುಷ್ ಒಣಗಿದೆ ಅಥವಾ ಹಿಡಿಯುತ್ತಿದೆ.

ಮೋಟಾರ್ ತಿರುಗದೆ ಗುಂಯ್ ಎನ್ನುತ್ತಿದ್ದರೆ ಒಂದು ಸೆಕೆಂಡೂ ತಡ ಮಾಡದೆ ಆಫ್ ಮಾಡಿ. ನಿಂತ ಮೋಟಾರಿನಲ್ಲಿ ಕರೆಂಟ್ ಏರುತ್ತದೆ, ತಂಪು ಮಾಡುವ ಫ್ಯಾನ್ ತಿರುಗುತ್ತಿರುವುದಿಲ್ಲ.

ಗೊರಗೊರ ಸದ್ದು ಬರ್ತಿದೆ. ಜಾರಿಂದಾ ಮೋಟಾರಿಂದಾ ಹೇಗೆ ಹೇಳೋದು?

ಮೇಲಿನ ಕ್ರಮದಲ್ಲೇ ಉತ್ತರವಿದೆ. ಜಾರ್ ಇಲ್ಲದಾಗಲೂ ಸದ್ದಿದ್ದರೆ ಮೋಟಾರಿನದು. ಒಂದು ಜಾರಿನಲ್ಲಿ ಮಾತ್ರ ಇದ್ದರೆ ಆ ಜಾರಿನದು. ಎಲ್ಲ ಜಾರಿನಲ್ಲೂ ಇದ್ದು, ಜಾರ್ ತೆಗೆದರೆ ಹೋದರೆ, ಮೋಟಾರಿನ ಮೇಲಿನ ಕಪ್ಲರ್ ನೋಡಿ.

ಸದ್ದಿನ ಬಗೆಯೂ ಸುಳಿವು ಕೊಡುತ್ತದೆ. ಕಟಕಟ ಎಂದು ಭಾರ ಬಿದ್ದಾಗ ಮಾತ್ರ ಬಂದರೆ ಕಪ್ಲರ್ ಹಲ್ಲು ಜಾರುತ್ತಿದೆ. ಕಿರ್ರ್ ಎಂದು ಸಣ್ಣಗೆ ಕಿವಿ ಚುಚ್ಚಿದರೆ ಒಣಗಿದ ಬುಷ್. ಗಡಗಡ ನಡುಗಿ ಮಿಕ್ಸಿಯೇ ಕಟ್ಟೆಯ ಮೇಲೆ ನಡೆದರೆ ಮೊದಲು ತಳದ ರಬ್ಬರ್ ಕಾಲು ನಾಲ್ಕೂ ಇವೆಯಾ ನೋಡಿ, ಆಮೇಲೆ ಬ್ಲೇಡ್ ಬಾಗಿದೆಯಾ ನೋಡಿ.

ಕಪ್ಲರನ್ನು ಟಾರ್ಚ್ ಹಾಕಿ ಹತ್ತಿರದಿಂದ ನೋಡುವುದನ್ನು ರೂಢಿ ಮಾಡಿಕೊಳ್ಳಿ. ಹೊಸ ಕಪ್ಲರಿನ ಹಲ್ಲಿಗೆ ಎರಡೂ ಬದಿ ನೇರ ಗೋಡೆ. ಹಳೆಯದರಲ್ಲಿ ಒಂದೇ ಬದಿಯ ಗೋಡೆ ಉರುಟಾಗಿ, ಹೊಳಪು ಬಂದು, ಬುಡದಲ್ಲಿ ಕರಿ ಪುಡಿ ಕೂತಿರುತ್ತದೆ. ಸವೆದದ್ದು ಯಾವ ಬದಿಯೋ ಆ ಬದಿಯಿಂದಲೇ ಮೋಟಾರ್ ಜಾರನ್ನು ತಳ್ಳುತ್ತದೆ. ಹಲ್ಲುಗಳು ಎರಡೂ ಬದಿ ಸಮಸಮ ಸವೆದಿದ್ದರೆ ಮಿಕ್ಸಿ ಓಡುತ್ತಿರುವಾಗಲೇ ಜಾರ್ ಇಟ್ಟು ತೆಗೆಯುವ ಅಭ್ಯಾಸ ಆ ಮನೆಯಲ್ಲಿದೆ ಎಂದು ಅನುಮಾನಿಸಬಹುದು. ಕಪ್ಲರ್ ಬದಲಿಸಿ ಆ ಅಭ್ಯಾಸ ಬಿಡದಿದ್ದರೆ ಹೊಸದೂ ಬೇಗ ಹಾಳಾಗುತ್ತದೆ.

ಗಾಳಿ ಕಿಂಡಿಯಿಂದ ಕಿಡಿ ಕಾಣ್ಸುತ್ತೆ. ಅಪಾಯಾನಾ?

ಸಣ್ಣ ನೀಲಿ ಕಿಡಿ ಸಹಜ. ಮಿಕ್ಸಿಯಲ್ಲಿರುವುದು ಯೂನಿವರ್ಸಲ್ ಮೋಟಾರ್. ಅದರಲ್ಲಿ ಎರಡು ಕಾರ್ಬನ್ ಬ್ರಷ್‌ಗಳು ತಿರುಗುವ ತಾಮ್ರದ ಪಟ್ಟಿಗಳ ಮೇಲೆ ಉಜ್ಜುತ್ತಾ ಕರೆಂಟ್ ಕೊಡುತ್ತವೆ, ಪಟ್ಟಿಯಿಂದ ಪಟ್ಟಿಗೆ ದಾಟುವಾಗ ಚೂರು ಕಿಡಿ ಬಂದೇ ಬರುತ್ತದೆ. ಅಡುಗೆಮನೆಯ ದೀಪ ಆರಿಸಿ ಕಿಂಡಿಯಲ್ಲಿ ನೋಡಿ, ಮೊಬೈಲಿನಲ್ಲಿ ವಿಡಿಯೊ ಮಾಡಿಕೊಳ್ಳಿ.

ನೀಲಿ ಚುಕ್ಕೆಗಳು ಬ್ರಷ್ಷಿನ ಅಂಚಿನಲ್ಲೇ ಇದ್ದರೆ ಸರಿ. ಹಳದಿ ಕಿಡಿ ಹಾರುತ್ತಿದ್ದರೆ ಬ್ರಷ್ ಸವೆದಿರಬಹುದು, ಸ್ಪ್ರಿಂಗ್ ಸತ್ತಿರಬಹುದು, ಕಮ್ಯುಟೇಟರ್ ಮೇಲೆ ಕೊಳೆ ಕೂತಿರಬಹುದು. ಕಿಡಿ ಬೆಂಕಿಯ ಬಳೆಯಂತೆ ಸುತ್ತಲೂ ಕಂಡರೆ ಆರ್ಮೇಚರ್ (ಮೋಟಾರಿನ ತಿರುಗುವ ಭಾಗ) ಸುರುಳಿಯಲ್ಲೇ ದೋಷ ಇರುವ ಸಂಭವ ಹೆಚ್ಚು. ಅಂಥದ್ದನ್ನು ಇನ್ನೊಮ್ಮೆ ನೋಡೋಣವೆಂದು ಓಡಿಸಬೇಡಿ. ಹೊಸ ಬ್ರಷ್ ಹಾಕಿದ ಮೊದಲ ಕೆಲವು ಓಟಗಳಲ್ಲಿ ಕಿಡಿ ಜಾಸ್ತಿ ಇರುವುದು ಮಾಮೂಲು, ಬ್ರಷ್ಷಿನ ಮುಖ ಕಮ್ಯುಟೇಟರಿಗೆ ಸರಿಯಾಗಿ ಕೂರುವ ತನಕ ಹಾಗೆ.

ಸುಟ್ಟ ವಾಸನೆ ಬಂತು. ಅಮ್ಮ ಮೋಟಾರ್ ಹೋಯ್ತು ಅಂತಾರೆ. ನಿಜಾನಾ?

ಹೊಸ ಮಿಕ್ಸಿಯಾದರೆ ಮೊದಲ ಕೆಲವು ಸಲ ವಾರ್ನಿಷ್ ವಾಸನೆ ಬರುವುದು ಸಹಜ, ಕೈಪಿಡಿಯಲ್ಲೂ ಬರೆದಿರುತ್ತಾರೆ. ಹಳೆಯದರಲ್ಲಿ ವಾಸನೆಗಳನ್ನು ಬೇರೆ ಮಾಡಿ ನೋಡಿ. ರಬ್ಬರ್ ಅಥವಾ ಪ್ಲಾಸ್ಟಿಕ್ ಸುಟ್ಟ ವಾಸನೆ ಜಾರಿನ ಅಡಿಯಲ್ಲೇ ಜೋರಾಗಿದ್ದರೆ ಕಪ್ಲರ್ ಇಲ್ಲವೇ ಜಾರಿನ ವಾಷರ್. ಘಾಟು ಘಾಟಾದ ವಾರ್ನಿಷ್ ವಾಸನೆ ಗಾಳಿ ಕಿಂಡಿಯಿಂದ ಬಂದರೆ ಸುರುಳಿ ಕಾದಿದೆ. ಮೀನಿನಂಥ ವಾಸನೆ ಬಂದರೆ ಪ್ಲಗ್ಗು, ಸಾಕೆಟ್ಟು, ಸ್ವಿಚ್ಚಿನ ಹತ್ತಿರ ಮೂಸಿ: ಬಿಸಿಯಾದ ಸ್ವಿಚ್ ಸಾಮಾನುಗಳು ಹಲವು ಸಲ ಹೀಗೆ ನಾರುತ್ತವೆ. ವಾಸನೆಯ ಜೊತೆ ಹೊಗೆಯೂ ಬಂದಿದ್ದರೆ ಮತ್ತೆ ಪ್ಲಗ್ ಹಾಕಬೇಡಿ, ಮಲ್ಟಿಮೀಟರಿನ ಪ್ರಶ್ನೆಗೆ ಹೋಗಿ.

ಕೆಂಪು ಬಟನ್ ಪದೇ ಪದೇ ಹಾರುತ್ತೆ. ಕಿತ್ತು ನೇರ ಕೊಟ್ಬಿಡಲಾ?

ಖಂಡಿತ ಬೇಡ. ಅದರೊಳಗಿನ ಲೋಹದ ಪಟ್ಟಿ ಕರೆಂಟ್ ಹೆಚ್ಚಾದಾಗ ಬಿಸಿಯಾಗಿ ಬಾಗಿ ಸಂಪರ್ಕ ಕಡಿಯುತ್ತದೆ. ಬಟನ್ ಕಿತ್ತು ನೇರ ಕೊಟ್ಟರೆ ಮುಂದಿನ ಸಲ ಸುಡುವುದು ಸುರುಳಿ. ಯಾವಾಗ ಹಾರುತ್ತದೆ ಎಂಬುದನ್ನು ಗಮನಿಸಿ. ಗಟ್ಟಿ ಚಟ್ನಿ, ನೀರು ಕಮ್ಮಿ ಹಾಕಿದ ಉದ್ದಿನಹಿಟ್ಟು ಇದ್ದಾಗ ಮಾತ್ರ ಹಾರಿದರೆ ಬಟನ್ ತನ್ನ ಕೆಲಸ ಮಾಡುತ್ತಿದೆ. ನೀರು ಸೇರಿಸಿ, ಅಳತೆ ಅರ್ಧಕ್ಕಿಳಿಸಿ. ಬರೀ ನೀರಿಗೂ ಹಾರಿದರೆ ಜಾರಿನ ಬುಷ್ ಬಿಗಿ. ಜಾರ್ ಇಲ್ಲದೆಯೂ ಹಾರಿದರೆ ಮೋಟಾರಿನ ಬುಷ್ ಅಥವಾ ಸುರುಳಿ. ಹಾರಿದ ತಕ್ಷಣ ಒತ್ತಿದರೆ ನಿಲ್ಲುವುದಿಲ್ಲ, ನಾಲ್ಕೈದು ನಿಮಿಷ ಆರಲು ಬಿಡಿ.

ಜಾರಿನ ಅಡಿಯಿಂದ ಕಪ್ಪು ನೀರು ಒಸರುತ್ತೆ.

ಬುಷ್ಷೂ ಅದರ ಸೀಲೂ ಸವೆದಿವೆ. ಆ ಕಪ್ಪು, ಲೋಹದ ಪುಡಿ ಮತ್ತು ಹಳೇ ಗ್ರೀಸು. ಆ ಜಾರಿನಲ್ಲಿ ರುಬ್ಬಿದ್ದನ್ನು ತಿನ್ನಬೇಡಿ. ಖಚಿತ ಮಾಡಿಕೊಳ್ಳಲು ಜಾರಿಗೆ ಅರ್ಧ ನೀರು ಹಾಕಿ ಒಣ ಪೇಪರ್ ಮೇಲೆ 15 ನಿಮಿಷ ಇಡಿ. ಎತ್ತಿದಾಗ ಒದ್ದೆ ಉಂಗುರ ಎಲ್ಲಿ ಬಿದ್ದಿದೆ ನೋಡಿ: ನಡುವೆ ಬಿದ್ದಿದ್ದರೆ ಬುಷ್, ಅಂಚಿನಲ್ಲಿ ಬಿದ್ದಿದ್ದರೆ ಜಾರಿನ ತಳದ ಬೆಸುಗೆ ಅಥವಾ ವಾಷರ್. ಈ ನೀರು ಕಪ್ಲರ್ ಮೂಲಕ ಮೋಟಾರಿನ ಮೇಲಿನ ಬುಷ್‌ಗೆ ಇಳಿದು ತುಕ್ಕು ಹಿಡಿಸುತ್ತದೆ. ಸೋರುವ ಜಾರನ್ನು ಹಾಗೇ ಬಿಟ್ಟರೆ ಮುಂದೆ ಮೋಟಾರನ್ನೇ ಬಿಚ್ಚಬೇಕಾಗುತ್ತದೆ.

## ಬಿಚ್ಚದೆ ಅಳೆಯುವುದು

ಎಷ್ಟು ವ್ಯಾಟ್ ಎಳೀತಿದೆ ಅಂತ ಬೇರೆ ಮೀಟರ್ ಕೊಳ್ಳದೆ ತಿಳಿಯಬಹುದಾ?

ಮನೆಯ ಕರೆಂಟ್ ಮೀಟರೇ ಸಾಕು. ಡಿಜಿಟಲ್ ಮೀಟರಿನ ಮುಖದ ಮೇಲೆ ಒಂದು ಯೂನಿಟ್ಟಿಗೆ ಎಷ್ಟು ಸಲ ಕೆಂಪು ದೀಪ ಮಿನುಗುತ್ತದೆ ಎಂದು ಬರೆದಿರುತ್ತದೆ, ಉದಾಹರಣೆಗೆ 3200. ನಿಮ್ಮದರಲ್ಲಿ ಬೇರೆ ಸಂಖ್ಯೆ ಇದ್ದರೆ ಅದನ್ನೇ ಹಿಡಿಯಿರಿ.

ಫ್ರಿಜ್ಜು, ಫ್ಯಾನು, ದೀಪ, ಚಾರ್ಜರ್ ಎಲ್ಲ ಆಫ್ ಮಾಡಿ. ಮಿನುಗುವುದು ನಿಂತಿತೇ ನೋಡಿಕೊಳ್ಳಿ. ಒಬ್ಬರು ದೊಡ್ಡ ಜಾರಿನಲ್ಲಿ ಅರ್ಧ ನೀರು ಹಾಕಿ ಮಿಕ್ಸಿ ಓಡಿಸಲಿ, ಇನ್ನೊಬ್ಬರು ಮೀಟರ್ ಹತ್ತಿರ ನಿಂತು 30 ಸೆಕೆಂಡ್ ಎಣಿಸಲಿ. ಲೆಕ್ಕ ಹೀಗೆ: 36,00,000ವನ್ನು ಮೀಟರಿನ ಸಂಖ್ಯೆಯಿಂದ ಭಾಗಿಸಿ. 3200 ಆದರೆ 1125 ಬರುತ್ತದೆ. ಅದನ್ನು ಮಿನುಗಿದ ಸಂಖ್ಯೆಯಿಂದ ಗುಣಿಸಿ, ಸೆಕೆಂಡಿನಿಂದ ಭಾಗಿಸಿ. 30 ಸೆಕೆಂಡಿಗೆ 10 ಸಲ ಮಿನುಗಿದರೆ 1125ನ್ನು 10ರಿಂದ ಗುಣಿಸಿ 30ರಿಂದ ಭಾಗಿಸಿದಾಗ 375 ವ್ಯಾಟ್.

ಚೀಟಿಯ ಮೇಲೆ 750 ಇದ್ದು ನಿಮಗೆ 375 ಬಂದರೆ ಗಾಬರಿ ಬೇಡ. 750 ಎಂಬುದು ಭಾರ ಹೊತ್ತಾಗಿನ ಮಾತು. ಗಮನಿಸಬೇಕಾದದ್ದು ಹೋಲಿಕೆ: ಅದೇ ನೀರು, ಅದೇ ಸ್ಪೀಡು, ಬೇರೆ ಜಾರಿನಲ್ಲಿ ಎಷ್ಟು? ಒಂದೇ ಗಾತ್ರದ ಎರಡು ಜಾರಿನಲ್ಲಿ ಒಂದು ಎದ್ದು ಕಾಣುವಷ್ಟು ಹೆಚ್ಚು ಎಳೆದರೆ ಅದರ ಬುಷ್ ಬಿಗಿಯಾಗಿದೆ.

1ರಲ್ಲಿ ನಿಧಾನ, 3ರಲ್ಲಿ ಜೋರು. ಒಳಗೆ ಗೇರ್ ಇದೆಯಾ?

ಗೇರ್ ಇಲ್ಲ. ಸಾಮಾನ್ಯ ಮಿಕ್ಸಿಯಲ್ಲಿ ಆರ್ಮೇಚರಿನ ಸುತ್ತ ತಿರುಗದೆ ನಿಂತಿರುವ ತಂತಿ ಸುರುಳಿ, ಅಂದರೆ ಫೀಲ್ಡ್ ಕಾಯಿಲ್‌ನಿಂದ ಮೂರು ಕಡೆ ತಂತಿ ಹೊರತೆಗೆದಿರುತ್ತಾರೆ. 1ರಲ್ಲಿ ಎಲ್ಲ ಸುತ್ತುಗಳೂ ಕೆಲಸಕ್ಕೆ ಬರುತ್ತವೆ, ಕಾಂತಶಕ್ತಿ ಜಾಸ್ತಿ, ವೇಗ ಕಮ್ಮಿ. 3ರಲ್ಲಿ ಸುತ್ತು ಕಮ್ಮಿ, ವೇಗ ಜಾಸ್ತಿ. ಹಾಗಾಗಿ ಒಂದು ಸ್ಪೀಡು ಮಾತ್ರ ಸತ್ತು ಉಳಿದೆರಡು ಓಡುತ್ತಿದ್ದರೆ ಬ್ರಷ್ಷೂ ಆರ್ಮೇಚರೂ ಸರಿಯಿವೆ ಎಂದೇ ಅರ್ಥ. ಸ್ವಿಚ್ಚಿನ ಆ ಸಂಪರ್ಕ ಅಥವಾ ಆ ತಂತಿ ನೋಡಿದರೆ ಸಾಕು.

ಮೊಬೈಲಿಂದ ಆರ್‌ಪಿಎಂ ಕಂಡುಹಿಡೀಬಹುದಾ?

ಅಂದಾಜಿಗೆ ಆಗುತ್ತದೆ. ಶಬ್ದದ ಆವರ್ತನ ತೋರಿಸುವ ಆ್ಯಪ್ ಹಾಕಿ, ಮಿಕ್ಸಿಯಿಂದ ಒಂದು ಅಡಿ ದೂರ ಹಿಡಿಯಿರಿ. ಸ್ಪೀಡ್ ಬದಲಿಸಿದಾಗ ಜಾಗ ಬದಲಿಸದ, 100 ಹರ್ಟ್ಸ್‌ನಲ್ಲೇ ನಿಲ್ಲುವ ಗೆರೆ ಕರೆಂಟಿನ ಗುಂಯ್‌ಗುಡುವಿಕೆ, ಅದನ್ನು ಬಿಡಿ. ಸ್ಪೀಡಿನ ಜೊತೆ ಸರಿಯುವ ಗೆರೆಗಳಲ್ಲಿ ಎಲ್ಲಕ್ಕಿಂತ ಕೆಳಗಿನದನ್ನು 60ರಿಂದ ಗುಣಿಸಿ. 300 ಹರ್ಟ್ಸ್ ಆದರೆ ನಿಮಿಷಕ್ಕೆ 18,000 ಸುತ್ತು. ಮಿಕ್ಸಿಯ 3ನೇ ಸ್ಪೀಡಿನಲ್ಲಿ ಖಾಲಿ ಓಟಕ್ಕೆ ಇಂಥ ಸಂಖ್ಯೆಯೇ ಬರಬೇಕು. ಅಕ್ಕಿ ಹಾಕಿದಾಗ ಗೆರೆ ಎಷ್ಟು ಕೆಳಗಿಳಿಯುತ್ತದೆ ಎಂಬುದನ್ನೂ ಬರೆದುಕೊಳ್ಳಿ.

ಮಲ್ಟಿಮೀಟರ್ ಇದೆ. ತಳ ಬಿಚ್ಚದೆ ಏನು ನೋಡಬಹುದು?

ಪ್ಲಗ್ ಗೋಡೆಯಿಂದ ಕಿತ್ತು, ಐದು ನಿಮಿಷ ಬಿಟ್ಟು, ಮೀಟರನ್ನು 200 ಓಮ್‌ಗೆ ಇಟ್ಟು ಪ್ಲಗ್ಗಿನ ಎರಡು ಸಮಾನ ಪಿನ್ನುಗಳಿಗೆ ಹಿಡಿಯಿರಿ. ಸ್ವಿಚ್ಚನ್ನು 1, 2, 3ಕ್ಕೆ ತಿರುಗಿಸುತ್ತಾ ಬರೆದುಕೊಳ್ಳಿ. 1ರಲ್ಲಿ ಎಲ್ಲಕ್ಕಿಂತ ಹೆಚ್ಚು, 3ರಲ್ಲಿ ಎಲ್ಲಕ್ಕಿಂತ ಕಡಿಮೆ ಇರಬೇಕು. ಏಕೆಂದು ಹಿಂದಿನ ಪ್ರಶ್ನೆಯೊಂದರಲ್ಲಿ ಹೇಳಿದೆ. ಆಫ್‌ನಲ್ಲಿ ಏನೂ ತೋರಿಸಬಾರದು.

ಈಗ ಇನ್ನೊಂದು. ಸ್ವಿಚ್ 1ರಲ್ಲಿಟ್ಟು, ಮೀಟರ್ ಹಿಡಿದೇ, ಇನ್ನೊಬ್ಬರಿಂದ ಕಪ್ಲರನ್ನು ಬಲು ನಿಧಾನ ಒಂದು ಪೂರ್ತಿ ಸುತ್ತು ತಿರುಗಿಸಿ. ಓಮ್ ಸ್ವಲ್ಪ ಏರಿಳಿಯುತ್ತದೆ, ಅದು ಸರಿ. ಒಂದು ಜಾಗದಲ್ಲಿ ಪೂರ್ತಿ ಕಡಿದುಹೋಗಿ ಮತ್ತೆ ಬಂದರೆ ಆ ಜಾಗದ ಪಟ್ಟಿಯಲ್ಲೋ ಬ್ರಷ್ಷಿನಲ್ಲೋ ತೊಂದರೆ. ಓಡಿಸಿದಾಗ ಒಮ್ಮೊಮ್ಮೆ ಶುರುವಾಗದೆ, ಕಪ್ಲರನ್ನು ಚೂರು ತಿರುಗಿಸಿದರೆ ಶುರುವಾಗುವ ಮಿಕ್ಸಿಯ ಗುಟ್ಟು ಸಾಮಾನ್ಯವಾಗಿ ಇದೇ.

ಎಲ್ಲ ಸ್ಪೀಡಿನಲ್ಲೂ ಏನೂ ತೋರಿಸದಿದ್ದರೆ ಮೊದಲು ಕೆಂಪು ಬಟನ್ ಒತ್ತಿ. ಆಮೇಲೆ ವೈರನ್ನು ಬುಡದಲ್ಲಿ ಅಲುಗಿಸುತ್ತಾ ನೋಡಿ. ಆಗಲೂ ಇಲ್ಲವೆಂದರೆ ಬಿಚ್ಚಲೇಬೇಕು.

ಮೂರು ಪಿನ್ನಿನ ಪ್ಲಗ್ ಆದರೆ ಮೀಟರನ್ನು ಅತಿ ಹೆಚ್ಚಿನ ಓಮ್‌ಗೆ ಇಟ್ಟು ದೊಡ್ಡ ಪಿನ್ನಿಗೂ ಉಳಿದ ಒಂದೊಂದಕ್ಕೂ ನಡುವೆ ನೋಡಿ. ಎಷ್ಟೇ ಓಮ್ ತೋರಿಸಿದರೂ ಒಳಗೆ ತೇವ ಇದೆ ಅಥವಾ ಇನ್ಸುಲೇಷನ್ ಹೋಗಿದೆ. ಮುಟ್ಟಿದರೆ ಜುಮ್ ಎನ್ನುವ, ಕರೆಂಟ್ ಸೋರಿದರೆ ಲೈನ್ ಕಡಿಯುವ ಆರ್‌ಸಿಸಿಬಿ ಬೀಳಿಸುವ ಮಿಕ್ಸಿಯನ್ನು ಇಷ್ಟು ನೋಡದೆ ಓಡಿಸಲೇಬಾರದು.

## ಸ್ಕ್ರೂ ಡ್ರೈವರ್ ಹಿಡಿದ ಮೇಲೆ

ಕಪ್ಲರ್ ಯಾವ ಕಡೆ ತಿರುಗಿಸಿದ್ರೆ ಬಿಚ್ಚುತ್ತೆ? ಒಬ್ಬೊಬ್ಬರು ಒಂದೊಂದು ಹೇಳ್ತಾರೆ.

ಎಡ, ಬಲ ಬಾಯಿಪಾಠ ಮಾಡಬೇಡಿ. ಮೋಟಾರ್ ಯಾವ ಕಡೆ ತಿರುಗುತ್ತದೆ ಎಂದು ಮೊದಲೇ ನೋಡಿಟ್ಟುಕೊಂಡರೆ ಮಾದರಿ ಯಾವುದಾದರೂ ಉತ್ತರ ಸಿಗುತ್ತದೆ. ಪ್ಲಗ್ ಕಿತ್ತಿರುವಾಗ ಕಪ್ಲರಿನ ಒಂದು ಹಲ್ಲಿಗೆ ವೈಟ್‌ನರ್ ಚುಕ್ಕೆ ಇಡಿ. 1ನೇ ಸ್ಪೀಡಿನಲ್ಲಿ ಎರಡು ಸೆಕೆಂಡ್ ಓಡಿಸಿ ಆಫ್ ಮಾಡಿ, ನಿಲ್ಲುವ ಕೊನೆಯ ಸುತ್ತುಗಳಲ್ಲಿ ಚುಕ್ಕೆ ಯಾವ ಕಡೆ ಹೋಗುತ್ತದೆ ನೋಡಿ. ಕಣ್ಣಿಗೆ ಸಿಗದಿದ್ದರೆ ಮೊಬೈಲಿನ ಸ್ಲೋ ಮೋಷನ್.

ಓಡುವಾಗ ಭಾರ ಬಿದ್ದಷ್ಟೂ ಬಿಗಿಯಾಗುವ ಹಾಗೆ ತಿರುಪು ಕೊರೆದಿರುತ್ತಾರೆ, ಇಲ್ಲದಿದ್ದರೆ ಮೊದಲ ದಿನವೇ ಕಳಚಿಬೀಳುತ್ತಿತ್ತು. ಮೋಟಾರ್ ಮುಂದಕ್ಕೆ ತಿರುಗುವಾಗ ಜಾರಿನ ಭಾರ ಕಪ್ಲರನ್ನು ಹಿಂದಕ್ಕೆ ಎಳೆಯುತ್ತದೆ, ಹಿಂದಕ್ಕೆ ಎಳೆದಾಗ ಅದು ಬಿಗಿಯಾಗುತ್ತದೆ. ಆದ್ದರಿಂದ ಮೋಟಾರಿನ ಮೇಲಿನ ತಿರುಪಿನ ಕಪ್ಲರ್ ಬಿಚ್ಚಲು ಮೋಟಾರ್ ತಿರುಗುವ ದಿಕ್ಕಿಗೇ ತಿರುಗಿಸಬೇಕು. ಜಾರಿನ ಅಡಿಯ ಕಪ್ಲರ್ ಇದಕ್ಕೆ ತದ್ವಿರುದ್ಧ. ಅದನ್ನು ಮೋಟಾರ್ ಮುಂದಕ್ಕೆ ತಳ್ಳುತ್ತದೆ, ಬ್ಲೇಡಿನ ಕಡ್ಡಿ ಹಿಂದೆ ಉಳಿಯುತ್ತದೆ, ಹಾಗಾಗಿ ಅದು ಮುಂದಕ್ಕೆ ತಿರುಗಿದಾಗ ಬಿಗಿ, ಹಿಂದಕ್ಕೆ ತಿರುಗಿಸಿದಾಗ ಸಡಿಲ. ಜಾರನ್ನು ಮಗುಚಿ ನೋಡುವಾಗ ಎಡ ಬಲವೂ ಮಗುಚುತ್ತದೆ ಎಂಬುದು ನೆನಪಿರಲಿ, ದಿಕ್ಕಿನ ಬಾಣವನ್ನು ಜಾರಿನ ಮೈಮೇಲೇ ಬರೆದಿಡಿ.

ಕಪ್ಲರ್ ತಿರುಗಿಸಿದರೆ ಮೋಟಾರೂ ಜೊತೆಗೆ ತಿರುಗುತ್ತದೆ. ಹಲವು ಮಾದರಿಗಳಲ್ಲಿ ತಳ ತೆಗೆದರೆ ಕಡ್ಡಿಯ ಕೆಳತುದಿಯಲ್ಲಿ ಸ್ಕ್ರೂ ಡ್ರೈವರ್ ಕೂರುವ ಸೀಳು ಕಾಣುತ್ತದೆ, ಅಲ್ಲಿ ಹಿಡಿಯಿರಿ. ಫ್ಯಾನಿನ ರೆಕ್ಕೆಗೋ ಕಮ್ಯುಟೇಟರಿಗೋ ಡ್ರೈವರ್ ಅಡ್ಡ ಕೊಟ್ಟರೆ ಸಾವಿರಾರು ರೂಪಾಯಿಯ ಮಿಕ್ಸಿ ಅಲ್ಲಿಗೆ ಮುಗಿಯಿತು.

ಕಾಣೋ ಸ್ಕ್ರೂ ಎಲ್ಲ ಬಿಚ್ಚಿದೆ, ತಳ ಬರ್ತಿಲ್ಲ.

ಕಾಣದ ಸ್ಕ್ರೂ ಇದೆ. ರಬ್ಬರ್ ಕಾಲಿನ ಕೆಳಗೆ, ಚೀಟಿಯ ಕೆಳಗೆ (ಬೆರಳಲ್ಲಿ ಒತ್ತಿದರೆ ಗುಳಿ ಸಿಗುತ್ತದೆ), ಸ್ವಿಚ್ಚಿನ ತಿರುಗಣೆ ಕಿತ್ತರೆ ಅದರ ಹಿಂದೆ. ಬಲ ಹಾಕಿ ಮೀಟಬೇಡಿ.

ಬಿಚ್ಚಿದೆ. ಈಗ ಯಾವ ವೈರ್ ಎಲ್ಲಿತ್ತು ಅಂತ ಮರೆತೋಯ್ತು.

ಒಂದನ್ನೂ ಕಳಚುವ ಮೊದಲು ಎರಡು ಕೋನದಿಂದ ಫೋಟೊ ತೆಗೆಯಬೇಕಿತ್ತು. ಮುಂದಿನ ಸಲ ಪ್ರತಿ ತಂತಿಗೆ ಮಾಸ್ಕಿಂಗ್ ಟೇಪ್ ಸುತ್ತಿ ಸ್ವಿಚ್ಚಿನ ಮೇಲಿರುವ ಅಂಕಿಯನ್ನೇ ಬರೆಯಿರಿ. ಬಣ್ಣವನ್ನು ನಂಬಬೇಡಿ, ಹಿಂದೆ ರಿಪೇರಿ ಮಾಡಿದವರು ಕೈಗೆ ಸಿಕ್ಕ ಬಣ್ಣ ಹಾಕಿರಬಹುದು. ಈಗ ಮರೆತಿದ್ದರೆ ಓಮ್ ಅಳತೆಯೇ ದಾರಿ: ಫೀಲ್ಡಿನ ತಂತಿಗಳಲ್ಲಿ ಹೆಚ್ಚು ಓಮ್ ಬರುವುದು 1ಕ್ಕೆ, ಕಡಿಮೆ ಬರುವುದು 3ಕ್ಕೆ.

ಕಾರ್ಬನ್ ಬ್ರಷ್ ವಿಷಯದಲ್ಲಿ ಇನ್ನೂ ಎಚ್ಚರ. ಹೊರಗೆ ತೆಗೆದ ಬ್ರಷ್ಷಿನ ಮುಖ ನೋಡಿ: ಕಮ್ಯುಟೇಟರಿನ ದುಂಡಿಗೆ ತಕ್ಕಂತೆ ತಗ್ಗಾಗಿ, ಕನ್ನಡಿಯ ಹಾಗೆ ಹೊಳೆಯುತ್ತಿರುತ್ತದೆ. ಆ ತಗ್ಗು ಅದೇ ಬದಿಗೆ, ಅದೇ ಮಗ್ಗುಲಿಗೆ ಮಾತ್ರ ಸರಿಯಾಗಿ ಕೂರುತ್ತದೆ. ಎಡ ಬಲ ಅದಲುಬದಲಾದರೆ ಅಥವಾ ತಿರುವುಮುರುವಾದರೆ ಅಂಚು ಮಾತ್ರ ಮುಟ್ಟಿ, ಸರಿಯಿದ್ದ ಮಿಕ್ಸಿಯೂ ಕಿಡಿ ಕಾರುತ್ತದೆ. ತೆಗೆಯುವ ಮೊದಲೇ ಬ್ರಷ್ಷಿನ ಮೇಲೆ ಗುರುತು ಹಾಕಿ. ಉದ್ದ 6–7 ಮಿಲಿಮೀಟರಿಗೆ ಇಳಿದಿದ್ದರೆ ಎರಡನ್ನೂ ಒಟ್ಟಿಗೆ ಬದಲಿಸಿ, ಒಂದನ್ನೇ ಬೇಡ.

ಜೋಡಿಸಿ ಆಯ್ತು. ನೇರ ಪ್ಲಗ್ ಹಾಕೋಕೆ ಭಯ.

ಭಯ ಒಳ್ಳೆಯದೇ. ಮೊದಲು ಪಿನ್ನುಗಳ ನಡುವೆ ಓಮ್ ನೋಡಿ, ಬಿಚ್ಚುವ ಮುನ್ನ ಬರೆದುಕೊಂಡ ಸಂಖ್ಯೆಗೆ ಹೊಂದುತ್ತದೆಯೇ ಹೋಲಿಸಿ. ಆಮೇಲೆ ಎಲೆಕ್ಟ್ರಿಷಿಯನ್ನರು ಇಟ್ಟುಕೊಳ್ಳುವ ಸೀರೀಸ್ ಬೋರ್ಡಿನ (ಕರೆಂಟ್ ಒಂದು ಬಲ್ಬನ್ನು ಹಾಯ್ದೇ ಮಿಕ್ಸಿಗೆ ಬರುವ ಬೋರ್ಡು) ಮೂಲಕ ಕೊಡಿ. ಅದರಲ್ಲಿ 100 ವ್ಯಾಟಿನ ಹಳೇ ತಂತಿ ಬಲ್ಬ್ ಇರಬೇಕು, ಎಲ್‌ಇಡಿ ನಡೆಯುವುದಿಲ್ಲ. ಒಳಗೆ ಶಾರ್ಟ್ ಆಗಿದ್ದರೂ ಈ ಬಲ್ಬು ಕರೆಂಟನ್ನು ಅರ್ಧ ಆಂಪಿಯರಿಗಿಂತ ಮೇಲೇರಲು ಬಿಡುವುದಿಲ್ಲ. ಬಲ್ಬ್ ಉರಿದು, ಮೋಟಾರ್ ಜಾರ್ ಇಲ್ಲದೆ ಮೆಲ್ಲಗೆ ತಿರುಗಿದರೆ ನೇರ ಕೊಡಬಹುದು. ಬಲ್ಬ್ ಪೂರ್ತಿ ಬೆಳಗಿ ಮೋಟಾರ್ ಅಲುಗದಿದ್ದರೆ ಪ್ಲಗ್ ಕಿತ್ತು ಕಪ್ಲರನ್ನು ಕೈಯಲ್ಲಿ ತಿರುಗಿಸಿ ನೋಡಿ. ಸಲೀಸಾಗಿ ತಿರುಗಿದರೂ ಮತ್ತೆ ಹಾಗೇ ಆದರೆ ವೈರ್ ತಪ್ಪಿದೆ ಅಥವಾ ಶಾರ್ಟ್ ಇದೆ. ಆಫ್‌ನಲ್ಲೇ ಬಲ್ಬ್ ಉರಿದರೆ ಸ್ವಿಚ್ಚಿನ ವೈರ್ ತಪ್ಪಿದೆ.

ಕೊನೆಗೆ, ಶುರುವಿನಲ್ಲಿ ಮಾಡಿದ ಓಟಗಳನ್ನೇ ಅದೇ ಕ್ರಮದಲ್ಲಿ ಮತ್ತೆ ಮಾಡಿ: ಜಾರ್ ಇಲ್ಲದೆ, ಖಾಲಿ ಜಾರ್, ನೀರು, ಒಂದು ಮುಷ್ಟಿ ಅಕ್ಕಿ. ನೋಟ್‌ಬುಕ್ಕಿನ ಹಳೇ ಪುಟದ ಎದುರು ಪುಟದಲ್ಲೇ ಹೊಸದನ್ನು ಬರೆಯಿರಿ. ಒಂದು ಪುಟ ಹೀಗಿರುತ್ತದೆ:

ಸ್ಪೀಡ್ 1, ಜಾರ್ ಇಲ್ಲ. ಮೊದಲು: ಕಿರ್ರ್ ಸದ್ದು, ಆಫ್ ಮಾಡಿದ ಒಂದೇ ಸೆಕೆಂಡಿಗೆ ಗಕ್ಕನೆ ನಿಂತಿತು. ಈಗ: ಸದ್ದು ಒಂದೇ ಸಮ, ನಿಲ್ಲಲು ನಾಲ್ಕು ಸೆಕೆಂಡ್.
ಸ್ಪೀಡ್ 1, ಚಟ್ನಿ ಜಾರ್, ನೀರು. ಮೊದಲು: 30 ಸೆಕೆಂಡಿಗೆ 12 ಮಿನುಗು. ಈಗ: 8.
ಕಿಡಿ. ಮೊದಲು: ಹಳದಿ, ಎಡ ಬ್ರಷ್ಷಿನಲ್ಲಿ ಹೆಚ್ಚು. ಈಗ: ಎರಡರಲ್ಲೂ ಸಣ್ಣ ನೀಲಿ.
ಮಾಡಿದ ಕೆಲಸ: ಮೇಲಿನ ಬುಷ್‌ಗೆ ಎರಡು ಹನಿ ಎಣ್ಣೆ, ಚಟ್ನಿ ಜಾರಿನ ಬುಷ್ ಹೊಸದು, ಬ್ರಷ್ ಜೋಡಿ ಹೊಸದು.

ಬುಷ್‌ಗೆ ಹಾಕುವುದು ತೆಳ್ಳನೆಯ ಮಷಿನ್ ಎಣ್ಣೆ. ಅಡುಗೆ ಎಣ್ಣೆ ಹಾಕಿದರೆ ಕೆಲವೇ ದಿನದಲ್ಲಿ ಅಂಟಾಗಿ ಮತ್ತೆ ಹಿಡಿಯುತ್ತದೆ. ಎರಡು ಹನಿಗಿಂತ ಹೆಚ್ಚು ಬೇಡ, ಇಳಿದು ಕಮ್ಯುಟೇಟರಿಗೆ ತಾಗಿದರೆ ಕಾರ್ಬನ್ ಪುಡಿಯ ಜೊತೆ ಸೇರಿ ಕಿಡಿಗೆ ದಾರಿಯಾಗುತ್ತದೆ.